ಸೌಟು ನೆಟ್ಟಗೆ ನಿಲ್ಲುವ ಸಾರು

ಹುಲಿಗೆಮ್ಮನಿಗೆ ಹಾಲಮ್ಮನ ಮೇಲೆ ಇದ್ದ ಸಿಟ್ಟು ಹೊಲದ ಗಡಿಯದಲ್ಲ, ಬಾವಿ ನೀರಿನದಲ್ಲ, ಕೋಳಿ ಕದ್ದದ್ದೂ ಅಲ್ಲ. ಅದು ಸಾರಿನ ಸಿಟ್ಟು. ಗಡಿಯ ಜಗಳವಾಗಿದ್ದರೆ ಅಮಲ್ದಾರರು ಬಂದು ಸರಪಳಿ ಎಳೆಸಿ ತೀರಿಸುತ್ತಿದ್ದರು. ಸಾರಿನ ಜಗಳ ತೀರಿಸುವುದಕ್ಕೆ ಸರ್ಕಾರ ಇನ್ನೂ ಯಾವ ಕಚೇರಿಯನ್ನೂ ತೆರೆದಿಲ್ಲ.

ನಡೆದದ್ದು ಇಷ್ಟು. ಶಿವನಿ ಸ್ಟೇಷನ್ನಿನಲ್ಲಿ ರೈಲು ಕೂಗಿದರೆ ಕೇಳಿಸುವಷ್ಟು ದೂರದಲ್ಲಿದ್ದ ಆ ಊರಿನಲ್ಲಿ, ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ, ರಾಗಿ ಹೊಲದ ಕಳೆಯನ್ನು ಮುಯ್ಯಿ ಆಳಿನಲ್ಲಿ ತೆಗೆಯುತ್ತಿದ್ದರು. ಅಂದರೆ ಇವತ್ತು ಓಣಿಯ ಹೆಂಗಸರೆಲ್ಲ ಸೇರಿ ನಿಮ್ಮ ಹೊಲದಲ್ಲಿ ಬಗ್ಗುವುದು, ನಾಳೆ ನೀವೂ ಸೇರಿ ಅವರ ಹೊಲದಲ್ಲಿ ಬಗ್ಗುವುದು. ಕೂಲಿಯ ಮಾತಿಲ್ಲ. ಯಾರ ಹೊಲವೋ ಅವರು ಮಧ್ಯಾಹ್ನ ಮುದ್ದೆ ಸಾರು ಹೊತ್ತು ತರಬೇಕು. ಒಂದು ವರ್ಷ ಹುಲಿಗೆಮ್ಮನ ಸರದಿಯ ದಿನ ಕರೆದವರಿಗಿಂತ ಹೆಚ್ಚು ಮಂದಿ ಬಂದುಬಿಟ್ಟರು. ಹುಲಿಗೆಮ್ಮ ಸಾರಿಗೆ ಒಂದು ಚೊಂಬು ನೀರು ಬೆರೆಸಿದಳು. (ಯಾವ ಮನೆಯಲ್ಲಿ ಬೆರೆಸುವುದಿಲ್ಲ ಹೇಳಿ. ಆದರೆ ಬೆರೆಸುವುದಕ್ಕೂ ಒಂದು ಅಳತೆ ಇರುತ್ತದೆ, ಅವಳ ಚೊಂಬು ಸ್ವಲ್ಪ ದೊಡ್ಡದು.) ಬೇವಿನ ಮರದ ಕೆಳಗೆ ಎಲ್ಲರೂ ಊಟಕ್ಕೆ ಕೂತಿದ್ದಾಗ ಪಕ್ಕದ ಹೊಲದ ಹಾಲಮ್ಮ ತನ್ನ ತಟ್ಟೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದು, ಬಗ್ಗಿ ನೋಡಿ, “ಅಕ್ಕ, ಈ ಸಾರಲ್ಲಿ ನನ್ನ ಮುಖ ಕಾಣ್ತೈತೆ, ಬೇಳೆ ಕಾಣ್ತಿಲ್ಲ” ಎಂದಳು.

ಹೆಂಗಸರು ನಕ್ಕರು. ಊಟ ಮುಗಿದ ಮೇಲೂ ನಕ್ಕರು. ಸಾಲು ಹಿಡಿದು ಕಳೆ ಕೀಳುತ್ತಾ ಆ ಬದುವಿನ ತನಕ ನಗುತ್ತ ಹೋಗಿ, ತಿರುಗಿ ಬರುವಾಗ ಮತ್ತೆ ಮೊದಲಿಂದ ನಕ್ಕರು. ಮುಂದಿನ ಅಜ್ಜಂಪುರ ಸಂತೆಯ ಹೊತ್ತಿಗೆ ಅವಳ ಅಡುಗೆಗೆ ‘ಕನ್ನಡಿ ಸಾರು’ ಎಂದು ನಾಮಕರಣವಾಗಿತ್ತು. ಹುಲಿಗೆಮ್ಮ ಸುಮ್ಮನಿರುವ ಹೆಂಗಸಲ್ಲ. ಅಲ್ಲೇ, ಆ ಬೇವಿನ ಮರದ ಕೆಳಗೇ, ಕೈಯಲ್ಲಿದ್ದ ಸೌಟನ್ನು ಗದೆಯಂತೆ ಎತ್ತಿ ಹಿಡಿದು ಶಪಥ ಮಾಡಿಬಿಟ್ಟಿದ್ದಳು.

“ಬರೋ ವರ್ಷ ನಮ್ಮ ರಾಗಿ ರಾಶಿ ದಿನ ನಿಮ್ಮನ್ನೆಲ್ಲ ಕರೀತೀನಿ. ನಮ್ಮ ಹೊಲದ್ದೇ ಅವರೆ ಹಿತಕಿ ಸಾರು ಮಾಡ್ತೀನಿ. ಊರಿದ ಸೌಟು ನೆಟ್ಟಗೆ ನಿಲ್ಲಬೇಕು. ನಿಲ್ಲದಿದ್ರೆ ನನ್ನ ಹುಲಿಗೆಮ್ಮ ಅನ್ಬ್ಯಾಡಿ.”

ಮರುವರ್ಷ ಮಳೆ ಚೆನ್ನಾಗಿ ಬಂತು. ರಾಗಿ ಎಂದರೆ ಬರೀ ರಾಗಿಯಲ್ಲ. ಇಷ್ಟಿಷ್ಟು ಸಾಲು ರಾಗಿಗೆ ಒಂದೊಂದು ಅಕ್ಕಡಿ ಸಾಲು ಇರುತ್ತದೆ: ಅದರಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಕೂರಿಗೆಯ ಹಿಂದೆ ಮಡಿಲಲ್ಲಿ ಬೀಜ ಕಟ್ಟಿಕೊಂಡು ನಡೆದು ಅದನ್ನು ಬಿಡುವವಳು ಹೆಂಗಸು, ಕಾಯಿ ಬಿಡಿಸುವವಳು ಹೆಂಗಸು, ಒಲೆಗೆ ಇಡುವವಳೂ ಅವಳೇ. ಅದಕ್ಕೇ ಇರಬೇಕು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಶಾನುಭೋಗರು ಪಹಣಿಯಲ್ಲಿ ಬರೆಯುವುದು ರಾಗಿ ಎಂದು, ಗಂಡಸರು ಕಟ್ಟೆಯ ಮೇಲೆ ಕೂತು ಹೇಳುವುದು ರಾಗಿ ಎಂದು, ಕೊನೆಗೆ ಹೆಂಗಸರ ಬಾಯಲ್ಲೂ ಅದೇ. ಏನು ಊಟ ಎಂದು ಕೇಳಿದರೆ ಮುದ್ದೆ ಸಾರು ಎನ್ನುತ್ತೇವೆ, ಉಪ್ಪಿನ ಹೆಸರು ಹೇಳುತ್ತೇವೆಯೇ? ಹಾಗೆ. ಹುಲಿಗೆಮ್ಮ ಮಾತ್ರ ಆ ವರ್ಷ ದಿನಾ ಹೊಲಕ್ಕೆ ಹೋಗಿ ಅವರೆ ಸಾಲಿನ ಮುಂದೆ ನಿಂತು, ಮದುವೆಗೆ ಬಂದ ಮಗಳನ್ನು ನೋಡುವಂತೆ ನೋಡಿ ಬರುತ್ತಿದ್ದಳು.

ಅಷ್ಟರಲ್ಲಿ ಕಳೆಯೂ ಮೇಲೆದ್ದಿತು. ಕಳೆ ಎದ್ದರೆ ಮುಯ್ಯಿಗೆ ಹೆಂಗಸರನ್ನು ಕರೆಯಬೇಕು. ಕರೆದರೆ ಹಾಲಮ್ಮ ಬರುತ್ತಾಳೆ, ಹಾಲಮ್ಮ ಬಂದರೆ ಕನ್ನಡಿಯೂ ಬರುತ್ತದೆ. ಇದರ ಚಿಂತೆಯಲ್ಲೇ ಹುಲಿಗೆಮ್ಮ ಒಂದು ಸಂಜೆ ಮುದ್ದೆ ತಿರುವುತ್ತಿದ್ದಾಗ ರೇಡಿಯೋದಲ್ಲಿ ರೈತರ ಕಾರ್ಯಕ್ರಮ ಬರುತ್ತಿತ್ತು. ಯಾರೋ ಓದಿದವರೊಬ್ಬರು ಗಂಟಲು ಸರಿಮಾಡಿಕೊಂಡು, ರಾಗಿಗೆ ಅಪಾಯವಿಲ್ಲದಂತೆ ಕಳೆಯನ್ನು ನಿರ್ಮೂಲ ಮಾಡುವ ಔಷಧಿಯೊಂದು ಬಂದಿದೆ ಎಂದರು. ಮುಂದೆ ಅವರು ಬಹಳ ಹೊತ್ತು ಏನೇನೋ ಎಚ್ಚರಿಕೆ ಹೇಳಿದರು. ಹುಲಿಗೆಮ್ಮನ ಕಿವಿ ‘ನಿರ್ಮೂಲ’ ಎಂಬಲ್ಲಿಗೇ ನಿಂತುಬಿಟ್ಟಿತು. ಅಂಥ ಚೆಂದದ ಮಾತು ಅವಳು ಕೇಳಿಯೇ ಇರಲಿಲ್ಲ. ನಿರ್ಮೂಲ. ಕಳೆಯೂ ನಿರ್ಮೂಲ, ಮುಯ್ಯಿಯೂ ನಿರ್ಮೂಲ, ಹಾಲಮ್ಮನ ಬಾಯಿಯೂ ನಿರ್ಮೂಲ. ಕಳೆಗೆ ಕರೆಯದೆ, ಬೆವರು ಸುರಿಸದವರನ್ನು ನೇರವಾಗಿ ರಾಶಿಯ ದಿನ ಊಟಕ್ಕೆ ಕರೆದು, ಸೌಟು ನಿಲ್ಲಿಸಿ ತೋರಿಸಿದರೆ ಅದರ ಗತ್ತೇ ಬೇರೆ.

ಗಂಡ ತಿಮ್ಮರಾಯಪ್ಪ ಮಾತು ಕಡಿಮೆಯ ಮನುಷ್ಯ. ಮದುವೆಯಾದ ಮೇಲೆ ಇನ್ನೂ ಕಡಿಮೆಯಾಗಿ, ಈಗ ಹೆಚ್ಚಾಗಿ ‘ಹೂಂ’ ಒಂದರಲ್ಲೇ ಸಂಸಾರ ನಡೆಸುತ್ತಿದ್ದ. ಆ ದಿನ ಮಾತ್ರ ಅವನು ಮುದ್ದೆ ಮುರಿಯುವುದನ್ನು ನಿಲ್ಲಿಸಿ ಒಂದು ಪ್ರಶ್ನೆ ಕೇಳಿದ.

“ಕಳೆ ತೆಗೀದಿದ್ರೆ ಸೊಪ್ಪು ಎಲ್ಲಿಂದ ಬತ್ತದೆ?”

ಪ್ರಶ್ನೆ ಸಣ್ಣದಲ್ಲ. ಹೊಲದ ಕಳೆಯೊಳಗೇ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಹೊನಗೊನ್ನೆ ಎಲ್ಲ ಇರುತ್ತಿದ್ದವು. ಕಳೆ ತೆಗೆದ ದಿನ ಪ್ರತಿ ಹೆಂಗಸೂ ಮಡಿಲು ತುಂಬ ಬೆರಕೆ ಸೊಪ್ಪು ಒಯ್ಯುತ್ತಿದ್ದಳು, ಆ ರಾತ್ರಿ ಊರಿಗೆ ಊರೇ ಮಸ್ಸೊಪ್ಪಿನ ವಾಸನೆ.

“ಔಷಧಿ ಕಳೆಗೆ ಕಣ್ರೀ. ಸೊಪ್ಪು ಕಳೆ ಹೆಂಗಾಗ್ತದೆ? ತಿನ್ನೋ ಪದಾರ್ಥ ಅದು” ಎಂದಳು ಹುಲಿಗೆಮ್ಮ.

ತಿಮ್ಮರಾಯಪ್ಪ ‘ಹೂಂ’ ಎಂದ. ಶ್ರಾವಣದ ಒಂದು ಶನಿವಾರ ಶಿವನಿಯಲ್ಲಿ ರೈಲು ಹತ್ತಿ, ಬೀರೂರಿನಲ್ಲಿ ಇಳಿದು ಬೇರೆ ರೈಲು ಹಿಡಿದು, ತರೀಕೆರೆಗೆ ಹೋಗಿ ಔಷಧಿಯ ಡಬ್ಬಿ ತಂದ. ಡಬ್ಬಿ ನೋಡಲು ಬಹಳ ಲಕ್ಷಣವಾಗಿತ್ತು. ತಿರುಗಿಸುವ ಮುಚ್ಚಳ, ಹಿಡಿಯಲು ಕಿವಿ, ಮೈಮೇಲೆ ಬಣ್ಣದ ಚೌಕ, ಅದರ ಸುತ್ತ ಇರುವೆ ಸಾಲಿನಂಥ ಅಕ್ಷರ. ಖಾಲಿಯಾದ ಮೇಲೆ ಅದರಲ್ಲಿ ಸೀಮೆಎಣ್ಣೆ ತುಂಬಿಡಬೇಕೆಂದು ಹುಲಿಗೆಮ್ಮ ಅದು ತುಂಬಿರುವಾಗಲೇ ನಿಶ್ಚಯಿಸಿದಳು.

ಔಷಧಿ ಹೊಡೆಯುವ ಪಂಪು ಇದ್ದದ್ದು ಗ್ರಾಮಸೇವಕ ಪಂಚಾಕ್ಷರಪ್ಪನವರ ಬಳಿ. ಅವರು ಸಾಧು ಮನುಷ್ಯ, ಕನ್ನಡಕ ಒರೆಸದೆ ಮಾತು ಆರಂಭಿಸುವವರಲ್ಲ. ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಒಂದೊಂದಾಗಿ ಹೇಳಿದರು. ಗಾಳಿ ಇರುವ ದಿನ ಹೊಡೆಯಬಾರದು ಎಂದರು. ಗಾಳಿ ನಮಗೇನು ಹೊಸದೇ ಸ್ವಾಮಿ ಎಂದಳು ಹುಲಿಗೆಮ್ಮ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಬರಿಗೈಯಲ್ಲಿ ಮುಟ್ಟಬಾರದು ಎಂದರು. ನಮ್ಮೋರ ಕೈ ಸೆಗಣಿ ಗೊಬ್ಬರ ಎಲ್ಲ ಮುಟ್ಟಿ ಪಳಗಿದೆ ಎಂದಳು. ಮನೆಯ ಪಾತ್ರೆಯಲ್ಲಿ ಕಲಸಬೇಡಿ, ಪಂಪನ್ನು ಕೆರೆ ಬಾವಿಯ ಹತ್ತಿರ ತೊಳೆಯಬೇಡಿ, ಡಬ್ಬಿಯನ್ನು ಜಜ್ಜಿ ದೂರದಲ್ಲಿ ಹೂತುಬಿಡಿ ಎಂದರು. ಅಷ್ಟು ಲಕ್ಷಣವಾದ ಡಬ್ಬಿಯನ್ನು ಹೂಳಬೇಕು ಎಂದಾಗ, ಇವರಿಗೆ ಮನೆ ನಡೆಸಿ ಅಭ್ಯಾಸವಿಲ್ಲ ಎಂದು ಹುಲಿಗೆಮ್ಮನಿಗೆ ಖಾತ್ರಿಯಾಯಿತು. ಉಳಿದ ಉಪದೇಶಕ್ಕೆಲ್ಲ ತಲೆ ಮಾತ್ರ ಆಡಿಸಿದಳು.

ಕೊನೆಗೆ ಅವರು ಇನ್ನೊಂದು ಸಲ ಕನ್ನಡಕ ಒರೆಸಿಕೊಂಡು ಕೇಳಿದರು.

“ಹೊಲದಲ್ಲಿ ಏನು ಹಾಕಿದ್ದೀರಿ?”

“ರಾಗಿ ಸ್ವಾಮಿ.”

“ಬೇರೆ ಏನಾದ್ರೂ ಇದೆಯಾ?”

“ಬೇರೇನಿಲ್ಲ. ಬರೀ ರಾಗಿ.”

ತಿಮ್ಮರಾಯಪ್ಪ ಬಾಯಿ ತೆರೆದ. ಹುಲಿಗೆಮ್ಮ ಅವನ ಕಡೆ ತಿರುಗಿ ನೋಡಿದಳು. ಅವನು ಬಾಯಿ ಮುಚ್ಚಿದ. (ಆಗ ಅವನು ಮಾತಿಗೆ ಬಾಯಿ ತೆರೆದದ್ದೋ ಆಕಳಿಕೆಗೋ ಎಂಬುದು ಆ ಮನೆಯಲ್ಲಿ ಮುಂದೆ ಎಷ್ಟೋ ಜಗಳಕ್ಕೆ ವಸ್ತುವಾಯಿತು, ಇಂದಿಗೂ ಇತ್ಯರ್ಥವಾಗಿಲ್ಲ.)

ಮರುದಿನ ಬೆಳಗ್ಗೆ ಎದ್ದರೆ ಪಡುವಲ ಗಾಳಿ ತೆಂಗಿನ ಗರಿಗಳನ್ನು ಜಡೆ ಹಿಡಿದು ಎಳೆದಾಡುತ್ತಿತ್ತು. ಇವತ್ತು ಬೇಡ ಎಂದ ತಿಮ್ಮರಾಯಪ್ಪ. ಆದರೆ ಇವತ್ತು ಬಿಟ್ಟರೆ ನಾಳೆ ಹಾಲಮ್ಮನೇ ಬಂದು, ಯಾವತ್ತು ಅಕ್ಕ ನಿಮ್ಮ ಹೊಲದ ಕಳೆ ಎಂದು ಕೇಳುವಳು. ಆದ್ದರಿಂದ ಇವತ್ತೇ ಆಗಬೇಕು. ಸ್ನಾನದ ಹಂಡೆ ಅಂಗಳಕ್ಕೆ ಬಂತು. ಔಷಧಿ ಸುರಿದರು, ನೀರು ಸುರಿದರು. ಆಸ್ಪತ್ರೆಯ ನೆಲ ತೊಳೆದ ನೀರಿನಂಥ ವಾಸನೆ ಓಣಿಗೆಲ್ಲ ಹರಡಿತು. ಕಲಸುವುದಕ್ಕೆ ಕೋಲು ಬೇಕಾಗಿತ್ತು. ಅವಸರದಲ್ಲಿ ಹುಲಿಗೆಮ್ಮ ಒಳಗಿಂದ ಹಿಟ್ಟಿನ ಕೋಲನ್ನೇ ತಂದು ಕೊಟ್ಟಳು, ಮುದ್ದೆ ತಿರುವುವ ಕೋಲನ್ನು.

ಅತ್ತೆ ದುರ್ಗಮ್ಮ ಪಡಸಾಲೆಯಲ್ಲಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದವಳು ಇದನ್ನು ಕಂಡಳು. ಆ ಕೋಲು ಅವಳು ಗಂಡನ ಮನೆಗೆ ಬಂದ ಕಾಲದ್ದು. ಮೂರು ಸೊಸೆಯರು ಅದರ ಕೆಳಗೆ ಪಳಗಿದ್ದರು. “ಔಷಧಿ ಯಾರಿಗೆ? ಮನೇಲಿ ಯಾರಿಗೆ ಕಾಯಿಲೆ?” ಎಂದು ಕೇಳಿದಳು. ಹೊಲಕ್ಕೆ ಎಂದರು. ಹೊಲಕ್ಕೆ ಕಾಯಿಲೆ ಬಂದದ್ದು ತನ್ನ ಜನ್ಮದಲ್ಲಿ ಕೇಳಿಲ್ಲ ಎಂದು ಅವಳು ಮತ್ತೆ ಅಡಿಕೆ ಕುಟ್ಟಿದಳು. ಕೋಲು ಆ ದಿನವೇ ಒಲೆ ಸೇರಿತು. ಉರಿಯುವಾಗಲೂ ಅದೇ ವಾಸನೆ ಕೊಟ್ಟಿತು.

ತಿಮ್ಮರಾಯಪ್ಪ ಬೆನ್ನಿಗೆ ಪಂಪು ಕಟ್ಟಿ ಹೊರಟ. ಟವೆಲ್ ಒಂದೇ ಇತ್ತು. ಬಿಸಿಲಿಗೆ ತಲೆಗೆ ಸುತ್ತಿಕೊಂಡದ್ದರಿಂದ ಮೂಗಿಗೆ ಏನೂ ಉಳಿಯಲಿಲ್ಲ. ಅವನು ಒಂದು ಸಾಲಿಗೆ ಹೊಡೆದರೆ ಗಾಳಿ ಅದರ ಅರ್ಧವನ್ನು ಅವನಿಗೇ ಹಿಂದಕ್ಕೆ ಕೊಡುತ್ತಿತ್ತು, ಉಳಿದರ್ಧವನ್ನು ಮೂಡಲ ಬದು ದಾಟಿಸಿ ಹಾಲಮ್ಮನ ಹೊಲಕ್ಕೆ ಒಯ್ಯುತ್ತಿತ್ತು. ಸಂಜೆ ಕೆಂಡದ ಕಣ್ಣು ಮಾಡಿಕೊಂಡು ಬಂದು ಮಲಗಿದವನು ಮುಂದೆ ಎಷ್ಟೋ ದಿನ ಏನು ಉಂಡರೂ ಆಸ್ಪತ್ರೆಯ ರುಚಿ ಎನ್ನುತ್ತಿದ್ದ. (ನಿಜ ಹೇಳಬೇಕೆಂದರೆ ಹುಲಿಗೆಮ್ಮನಿಗೆ ಅವನ ತಲೆನೋವಿಗಿಂತ ಈ ಮಾತೇ ಹೆಚ್ಚು ನೋವು ಕೊಟ್ಟಿತು.) ಪಂಪು, ಹಂಡೆ ಎರಡನ್ನೂ ಅವಳು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ತಿಕ್ಕಿ ತಿಕ್ಕಿ ತೊಳೆದಳು. ಅಷ್ಟು ನಿಯತ್ತಾಗಿ ತೊಳೆದ ನೀರು ಕಾಲುವೆ ಹಿಡಿದು ತುಳಸಿ ಕಟ್ಟೆಯ ಬುಡ ಸುತ್ತಿ, ಸೋರೆ ಚಪ್ಪರದ ಕೆಳಗೆ ನುಗ್ಗಿ, ಊರ ಕೆಳಗಿನ ದನ ನೀರು ಕುಡಿಯುವ ಪುಟ್ಟ ಕಟ್ಟೆಗೆ ಹರಿಯಿತು. ಡಬ್ಬಿ ಅಡುಗೆಮನೆಯ ಗೂಟಕ್ಕೇರಿತು.

ಅಂದು ಸಂಜೆಯೇ ಅವಳು ಕುಂಕುಮ ಹಚ್ಚಿಕೊಂಡು ಓಣಿಯ ಮನೆಮನೆಗೂ ಹೋಗಿ ಬಂದಳು. ಈ ಸಲ ನಮ್ಮ ಹೊಲಕ್ಕೆ ಕಳೆಗೆ ಬರುವುದು ಬೇಡ, ರಾಶಿಯ ದಿನ ಊಟಕ್ಕೆ ಬನ್ನಿ, ತಪ್ಪಿಸಬೇಡಿ ಎಂದು ಎಲ್ಲರಿಗೂ ಹೇಳಿದಳು. ಹಾಲಮ್ಮ ಹಸುವಿಗೆ ಹುಲ್ಲು ಹಾಕುತ್ತಾ ಕೇಳಿದಳು:

“ಬರೋವಾಗ ಕನ್ನಡಿ ನಾವೇ ತರ್ಬೇಕಾ ಅಕ್ಕ, ನಿಮ್ಮಲ್ಲೇ ಐತಾ?”

“ಸೌಟು ತಾರೇ. ನಿನ್ನ ಮನೇ ಸೌಟೇ ನಿಲ್ಲಿಸ್ತೀನಿ” ಎಂದಳು ಹುಲಿಗೆಮ್ಮ.

ಕೆಲವು ದಿನ ಎಲ್ಲವೂ ರೇಡಿಯೋದವರು ಹೇಳಿದಂತೆಯೇ ನಡೆಯಿತು. ಕಳೆ ಬಾಡಿತು. ಕುಡಿ ತಿರುಚಿಕೊಂಡಿತು, ಕಾಂಡ ಊದಿ ಸೀಳಿತು, ಎಲೆ ಹಳದಿಯಾಗಿ ನೆಲಕ್ಕೆ ಹತ್ತಿತು. ಹುಲಿಗೆಮ್ಮ ಬದುವಿನ ಮೇಲೆ ನಿಂತು ಅದನ್ನು ನೋಡಿದ ಠೀವಿ ಯಾವ ಪಾಳೆಯಗಾರನಿಗೂ ಇದ್ದಿರಲಾರದು. ಆಮೇಲೆ ಅವಳ ಕಣ್ಣು ಅವರೆ ಸಾಲಿನ ಮೇಲೆ ಬಿತ್ತು.

ಅವರೆಯ ಕುಡಿ ಹಾವಾಡಿಗನ ಬುಟ್ಟಿಯೊಳಗಿನ ಹಾವಿನಂತೆ ಸುರುಳಿ ಸುತ್ತಿತ್ತು. ತೊಗರಿ ಗಿಡ ಲಕ್ವ ಹೊಡೆದ ಕೈಯಂತೆ ಒಂದು ಕಡೆಗೆ ಸೊಟ್ಟಗಾಗಿತ್ತು. ಹುಚ್ಚೆಳ್ಳು ಮಲಗಿಬಿಟ್ಟಿತ್ತು. ಸೊಪ್ಪು ಹುಡುಕಿದಳು, ತಿನ್ನುವ ಪದಾರ್ಥ ಎಂಬ ಮರ್ಯಾದೆಯನ್ನು ಔಷಧಿ ಅದಕ್ಕೂ ತೋರಿಸಿರಲಿಲ್ಲ. ಅಷ್ಟು ದೊಡ್ಡ ಹೊಲದಲ್ಲಿ ಹಸಿರಾಗಿ ತಲೆ ಎತ್ತಿ ನಿಂತದ್ದು ರಾಗಿ ಒಂದೇ, ತರಗತಿಗೆಲ್ಲ ಒಬ್ಬನೇ ಪಾಸಾದ ಹುಡುಗನಂತೆ.

ಹುಲಿಗೆಮ್ಮ ಬಾವಿಗೆ ಓಡಿದಳು. ಕೊಡ ಕೊಡ ನೀರು ಹೊತ್ತು ಬುಡಕ್ಕೆ ಹಾಕಿದಳು. ಉರಿ ಇಳಿಯಲೆಂದು ಮಜ್ಜಿಗೆ ಹಾಕಿದಳು. ಬೂದಿ ಎರಚಿದಳು. ದೃಷ್ಟಿಯಾಗಿರಬಹುದೆಂದು ಮೆಣಸಿನಕಾಯಿ ನಿವಾಳಿಸಿ ಸುಟ್ಟಳು. ಅವರೆ ಯಾವುದನ್ನೂ ಗಣನೆಗೆ ತೆಗೆದುಕೊಳ್ಳಲಿಲ್ಲ. ಹಿಂದೆ ನಿಂತು ಇದನ್ನೆಲ್ಲ ನೋಡುತ್ತಿದ್ದ ತಿಮ್ಮರಾಯಪ್ಪ ಕೊನೆಗೆ ಮೆಲ್ಲಗೆ, “ಬರೀ ರಾಗಿ” ಎಂದ.

ದಾಂಪತ್ಯದಲ್ಲಿ ಅವನು ಆಡಿದ ಮೊದಲ ಕೊಂಕು ಮಾತು ಅದು. ಒಮ್ಮೆ ರುಚಿ ಹತ್ತಿದ ಮೇಲೆ ಅವನು ಅದನ್ನು ಬಿಡಲಿಲ್ಲ. ತಟ್ಟೆಗೆ ಮುದ್ದೆ ಬಿದ್ದಾಗ, ಸಂತೆಯ ಚೀಲ ನೋಡಿದಾಗ, ಹೆಂಡತಿ ಗದರಿದಾಗ, ಎಲ್ಲಕ್ಕೂ ಅದೇ: ಬರೀ ರಾಗಿ.

ಆ ವಾರವೇ ತುಳಸಿ ಬಾಡಿತು. ದುರ್ಗಮ್ಮ ಬೆಳಗ್ಗೆ ನೀರು ಹಾಕಲು ಹೋದವಳು ಚೊಂಬು ಹಿಡಿದುಕೊಂಡೇ ನಿಂತುಬಿಟ್ಟಳು. ತುಳಸಿಯ ಕುಡಿ ಕೊಕ್ಕೆಯಂತೆ ಬಾಗಿತ್ತು. ತುಳಸಿ ಒಣಗಬೇಕಾದರೆ ಮನೆಯೊಳಗೆ ಯಾರದೋ ಪಾಪ ಸೇರಿಕೊಂಡಿದೆ ಎಂದು ತೀರ್ಮಾನಿಸಿ, ಮಗನನ್ನೂ ಸೊಸೆಯನ್ನೂ ಕಟ್ಟೆಯ ಮುಂದೆ ನಿಲ್ಲಿಸಿ ವಿಚಾರಣೆಗೆ ತೊಡಗಿದಳು. ಪಂಪು ತೊಳೆದ ನೀರು ನೆನಪಾಗಿ ಹುಲಿಗೆಮ್ಮ ಸೆರಗಿನಿಂದ ಕಟ್ಟೆಯ ಧೂಳು ಒರೆಸತೊಡಗಿದಳು. ತಾಯಿಯ ದೃಷ್ಟಿಯನ್ನು ತಾಳಲಾರದೆ ತಿಮ್ಮರಾಯಪ್ಪನೇ ತಲೆ ತಗ್ಗಿಸಿ, ತರೀಕೆರೆಗೆ ಹೋದ ದಿನ ಬೀರೂರು ಸ್ಟೇಷನ್ನಿನಲ್ಲಿ ಒಂದು ಬೇಯಿಸಿದ ಮೊಟ್ಟೆ ತಿಂದದ್ದಾಗಿ ಒಪ್ಪಿಕೊಂಡುಬಿಟ್ಟ. ಶ್ರಾವಣ ಶನಿವಾರ, ತಿಮ್ಮಪ್ಪನ ಒಕ್ಕಲು, ಬೀರೂರಿನ ಮೊಟ್ಟೆ. ದುರ್ಗಮ್ಮ ಹಣೆ ಚಚ್ಚಿಕೊಂಡಳು. ತನ್ನ ತಪ್ಪಿಗೆ ಗಂಡ ತಲೆ ಬೋಳಿಸಿಕೊಳ್ಳುವ ಹರಕೆ ಹೊತ್ತದ್ದನ್ನು ನೋಡಿಯೂ ಹುಲಿಗೆಮ್ಮ ಬಾಯಿ ಬಿಡಲಿಲ್ಲ. ಎರಡು ದಿನ ಬಿಟ್ಟು ಸೋರೆ ಚಪ್ಪರವೂ ಬಾಡಿತು. ಒಂದು ಮೊಟ್ಟೆಗೆ ಇಷ್ಟು ಶಿಕ್ಷೆ ಜಾಸ್ತಿಯಾಯಿತು ಎಂದು ತಿಮ್ಮರಾಯಪ್ಪನಿಗೂ ಆಗ ಅನುಮಾನ ಬಂತು.

ಆಮೇಲೆ ಹಾಲಮ್ಮ ಬಂದಳು. ಬೇರು ಸಮೇತ ಕಿತ್ತ ಒಂದು ಅವರೆ ಗಿಡ ಅವಳ ಕೈಯಲ್ಲಿ ಸುರುಳಿಯಾಗಿ ನೇತಾಡುತ್ತಿತ್ತು.

“ಇದು ನಮ್ಮ ಬದುವಿನ ಕಡೆ ಸಾಲಿಂದು. ಏನು ಉಣ್ಣಿಸಿದ್ರಿ ಇದಕ್ಕೆ?”

“ನಮ್ಮ ಔಷಧಿ ನಮ್ಮ ಹೊಲಕ್ಕೆ ಹೊಡೆದ್ರೆ ನಿನಗ್ಯಾಕೆ ತಾಗ್ತದೆ?” ಎಂದಳು ಹುಲಿಗೆಮ್ಮ.

“ಗಾಳಿಗೆ ಯಾರು ಗಡಿಕಲ್ಲು ನೆಟ್ಟವ್ರೆ ಅಕ್ಕ?”

ಇನ್ನೂ ಹತ್ತು ಮಾತಿಗೆ ಸಿದ್ಧವಾಗಿಯೇ ಹಾಲಮ್ಮ ಸೆರಗು ಸಿಕ್ಕಿಸಿಕೊಂಡು ಬಂದಿದ್ದಳು. ಜಗಳಕ್ಕೆ ಸಾಕ್ಷಿ ಬೇಕೆಂದು ಹುಲಿಗೆಮ್ಮನನ್ನು ಹೊಲಕ್ಕೇ ಕರೆದೊಯ್ದಳು. ಅಲ್ಲಿ ತನ್ನ ಒಂದು ಸಾಲಿನ ಆಚೆಗೆ ಹುಲಿಗೆಮ್ಮನ ಹೊಲವನ್ನು ಕಂಡಳು. ಅಕ್ಕಡಿ ಸಾಲುಗಳೆಲ್ಲ ಮಣ್ಣಿಗೆ ಮಣ್ಣಾಗಿದ್ದವು. ಹಾಲಮ್ಮ ಕೈಯಲ್ಲಿದ್ದ ಗಿಡವನ್ನು ಬದುವಿನ ಮೇಲಿಟ್ಟು ಹೊರಟುಹೋದಳು. ಬೈದಿದ್ದರೆ ಹುಲಿಗೆಮ್ಮ ಬದುಕಿಕೊಳ್ಳುತ್ತಿದ್ದಳು. ಹಾಲಮ್ಮನಂಥ ಹಾಲಮ್ಮ ಬಾಯಿ ಮುಚ್ಚಿಕೊಂಡು ಹೋದದ್ದನ್ನು ಕಂಡು, ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತಳು. ಹಸಿ ಸೌದೆ ಹೊಗೆ ಎಂದು ಅತ್ತೆಗೆ ಹೇಳಿದಳು.

ಪಂಪು ವಾಪಸು ಒಯ್ಯಲು ಬಂದ ಪಂಚಾಕ್ಷರಪ್ಪನವರು ಹೊಲ ಸುತ್ತಿ ನೋಡಿ, ಕನ್ನಡಕ ತೆಗೆದು, ಒರೆಸುವುದನ್ನೂ ಮರೆತು ನಿಂತರು.

“ನಾನು ಕೇಳಿದ್ನಲ್ಲಮ್ಮ, ಬೇರೆ ಏನಾದ್ರೂ ಇದೆಯಾ ಅಂತ?”

“ಅಕ್ಕಡಿ ಬೇರೆ ಹೆಂಗಾಗ್ತದೆ ಸ್ವಾಮಿ? ಅದು ರಾಗಿ ಒಳಗೇ ಬತ್ತದೆ.”

ಕಳೆ ಯಾವುದು ಬೆಳೆ ಯಾವುದು ಎಂದು ಔಷಧಿಗೆ ತಿಳಿಯುವುದಿಲ್ಲ, ಹುಲ್ಲಿನ ಜಾತಿಯನ್ನು ಬಿಟ್ಟು ಅಗಲ ಎಲೆಯದ್ದನ್ನೆಲ್ಲ ಅದು ಸಾಯಿಸುತ್ತದೆ ಎಂದು ಅವರು ವಿವರಿಸಿದರು. ಹುಲಿಗೆಮ್ಮನಿಗೆ ನಂಬಲಾಗಲಿಲ್ಲ. “ನಮ್ಮ ಹಾಲಮ್ಮನಿಗೇ ಗೊತ್ತಾಗ್ತದೆ ಸ್ವಾಮಿ. ಕಣ್ಣು ಮುಚ್ಕಂಡು ಕಳೆ ಕಿತ್ರೂ ಒಂದು ಅವರೆ ಗಿಡ ಅಲುಗಾಡಲ್ಲ. ತರೀಕೆರೆಯಿಂದ ತಂದ ಔಷಧಿಗೆ ಗೊತ್ತಾಗಲ್ವಾ?” ಎಂದಳು. ಪಂಚಾಕ್ಷರಪ್ಪನವರು ಕನ್ನಡಕ ಹಾಕಿಕೊಂಡರು. ಆ ಹೊಲದ ಬದುವಿಗೆ ದನ ಬಿಡಬೇಡಿ ಎಂದರು. ಪಂಪು ಎಲ್ಲಿ ತೊಳೆದಿರಿ ಎಂದು ಕೇಳಿ ತಿಳಿದು, ಕೆಳಗಿನ ಕಟ್ಟೆಯ ನೀರು ಸದ್ಯಕ್ಕೆ ಎಮ್ಮೆಗೂ ಬೇಡ ಎಂದರು. ಮಾತಾಡುತ್ತ ಮಾತಾಡುತ್ತ ಅವರ ಕಣ್ಣು ಅಡುಗೆಮನೆಯ ಗೂಟಕ್ಕೆ ಹೋಯಿತು. ಸಾಧು ಮನುಷ್ಯ ಕೂಗಿದ್ದನ್ನು ಆ ಊರು ಕೇಳಿದ್ದು ಅದೇ ಮೊದಲು. ಡಬ್ಬಿಯನ್ನು ತಾವೇ ಕಲ್ಲಿನಿಂದ ಜಜ್ಜಿ, ತಿಮ್ಮರಾಯಪ್ಪನ ಕೈಯಲ್ಲಿ ಊರಾಚೆಯ ಬೋರೆಯಲ್ಲಿ ಆಳ ತೆಗೆಸಿ ಹೂಳಿಸಿಯೇ ಹೋದರು.

ಆಗ ತುಳಸಿಯ ಗುಟ್ಟೂ ಹೊರಬಿತ್ತು. ಆದರೂ ದುರ್ಗಮ್ಮ ಮಗನಿಗೆ, ಹರಕೆ ಹರಕೆಯೇ, ಮೊಟ್ಟೆ ತಿಂದದ್ದು ಸುಳ್ಳಲ್ಲವಲ್ಲ ಎಂದಳು. ಅವನ ತಲೆ ಬೋಳಾಯಿತು. ಕಟ್ಟೆಯಲ್ಲಿ ತುಳಸಿಯ ಮೋಟು ಹಾಗೇ ಇತ್ತು. ಆ ಮಣ್ಣಿಗೆ ಹೊಸ ಸಸಿ ನೆಟ್ಟರೂ ಹಿಡಿಯಲಿಲ್ಲ. ಆ ವರ್ಷ ಮಳೆ ಬಂದ ಸಂಜೆ ಕೆಳಗಿನ ಕಟ್ಟೆಯಿಂದ ಕಪ್ಪೆಗಳ ಸದ್ದೂ ಬರಲಿಲ್ಲ. ಸತ್ತವೋ, ಬೇರೆ ನೀರು ಹುಡುಕಿಕೊಂಡು ಹೋದವೋ ಯಾರಿಗೂ ಗೊತ್ತಿಲ್ಲ. ಕಪ್ಪೆ ಕೂಗಿದರೆ ನಿದ್ದೆ ಬರುವುದಿಲ್ಲ ಎಂದು ಬೈಯುತ್ತಿದ್ದ ಹುಲಿಗೆಮ್ಮನಿಗೆ ಆ ಮಳೆಗಾಲವೆಲ್ಲ ನಿದ್ದೆ ಬರಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಅವಳ ಒಲೆಯ ಮೇಲೆ ಹುಣಸೆ ಸಾರು, ಮೆಣಸಿನ ಸಾರು, ಈರುಳ್ಳಿ ಸಾರು ಸರದಿಯ ಮೇಲೆ ಕುದಿದವು. ಬೇಳೆಯಿಲ್ಲ, ಕಾಳಿಲ್ಲ, ಸೊಪ್ಪಿಲ್ಲ, ಹುಚ್ಚೆಳ್ಳು ಪುಡಿಯಿಲ್ಲ. ದಿನಾ ತಟ್ಟೆಗೆ ಬಡಿಸಿಕೊಂಡರೆ ತನ್ನ ಮುಖವೇ ಕೆಳಗಿನಿಂದ ತನ್ನನ್ನು ನೋಡುತ್ತಿತ್ತು. ಹಾಲಮ್ಮ ಇಟ್ಟ ಹೆಸರು ಈಗ ಅಕ್ಷರಶಃ ನಿಜವಾಗಿತ್ತು. ರಾಗಿಯೇನೋ ಕಣ ತುಂಬ ಬಂತು. ಆದರೆ ರಾಶಿಯ ದಿನ ಹತ್ತಿರವಾದಂತೆ ಅವಳು ಓಣಿಯವರ ಕಣ್ಣು ತಪ್ಪಿಸಿ ಓಡಾಡತೊಡಗಿದಳು. ಊಟಕ್ಕೆ ಕರೆದು ಬಾರದಿರಿ ಎನ್ನುವಂತಿಲ್ಲ. ಸಂತೆಯಲ್ಲಿ ಅವರೆ ಕೊಂಡು ತರೋಣ ಎಂದ ತಿಮ್ಮರಾಯಪ್ಪ. ನಮ್ಮ ಹೊಲದ್ದೇ ಅವರೆ ಎಂದು ಬಾಯಿಬಿಟ್ಟು ಹೇಳಿದ್ದೇನಲ್ಲ, ಸಂತೆಯಲ್ಲಿ ನಾನು ಅವರೆ ಕೊಳ್ಳುವುದನ್ನು ಕಂಡರೆ ಮೂರು ಹಳ್ಳಿಗೆ ಸುದ್ದಿ ಎಂದು ಅವಳು ತಡೆದಳು. ಕಣವನ್ನೇ ಒಂದು ತಿಂಗಳು ಮುಂದೂಡೋಣ ಎಂದಳು. ರಾಗಿ ಇಲಿಯ ಪಾಲಾಗುತ್ತದೆ ಎಂದು ಅತ್ತೆ ಒಪ್ಪಲಿಲ್ಲ.

ರಾಶಿಯ ದಿನ ಬೆಳಗ್ಗೆ ಹುಲಿಗೆಮ್ಮ ಕಂಬಳಿ ಹೊದ್ದು ಮಲಗಿಬಿಟ್ಟಳು. ಜ್ವರ ಎಂದಳು. ದುರ್ಗಮ್ಮ ಬಂದು ಹಣೆ ಮುಟ್ಟಿ ನೋಡಿ, ನನ್ನ ಕೈಗಿಂತ ತಣ್ಣಗಿದೆ ಎಂದು ಕಂಬಳಿ ಎಳೆದುಕೊಂಡು ಹೋದಳು. ಅಷ್ಟರಲ್ಲಿ ಅಂಗಳದಲ್ಲಿ ಬಳೆಗಳ ಸದ್ದಾಯಿತು. ಓಣಿಯ ಹೆಂಗಸರೆಲ್ಲ ಬಂದಿದ್ದರು. ಮುಂದೆ ಹಾಲಮ್ಮ, ಕೈಯಲ್ಲಿ ಉದ್ದನೆಯ ಸೌಟು.

ಹುಲಿಗೆಮ್ಮ ಬಾಗಿಲ ಮರೆಯಲ್ಲಿ ನಿಂತೇ ಹೇಳಿದಳು: “ಬಂದ್ರಾ. ನೋಡಿ ನಗಬೇಕು ಅಂತ ಬಂದಿದ್ರೆ ನಕ್ಕೊಂಡು ಹೋಗಿ. ನನ್ನ ಹತ್ರ ಏನೂ ಇಲ್ಲ. ಬರೀ ರಾಗಿ.”

ಹಾಲಮ್ಮ ಸೊಂಟದ ಮೇಲಿದ್ದ ಪಾತ್ರೆ ಇಳಿಸಿ ಮುಚ್ಚಳ ತೆಗೆದಳು. ಹಿಂದಿನ ದಿನವೇ ಬಿಡಿಸಿ ನೆನೆ ಹಾಕಿದ್ದ ಅವರೆಕಾಳು ಊದಿ ಮಿನುಗುತ್ತಿತ್ತು. ಉಳಿದವರ ಪಾತ್ರೆಗಳಲ್ಲೂ ಅದೇ. ಎಲ್ಲರೂ ಜಗಲಿಯ ಮೇಲೆ ಕಾಲು ಚಾಚಿ ಕೂತು ಹಿತಕತೊಡಗಿದರು. ಬೇಳೆ ಚಿಮ್ಮಿ ಚಿಮ್ಮಿ ತಟ್ಟೆ ತುಂಬಿದವು, ಒಂದೆರಡು ತಿಮ್ಮರಾಯಪ್ಪನ ಬೋಳು ತಲೆಗೂ ಬಡಿದವು. ಹುಲಿಗೆಮ್ಮ ಬಾಗಿಲು ಬಿಟ್ಟು ಹಾಲಮ್ಮನ ಎದುರಿಗೆ ಬಂದು ಕೂತಳು. ನಿನಗೆ ನನ್ನ ಮೇಲೆ ಸಿಟ್ಟಿಲ್ಲವೇ, ನಿನ್ನ ಸಾಲೂ ಹೋಯಿತಲ್ಲ ಎಂದು ಕೊನೆಗೆ ಕೇಳಿಯೇಬಿಟ್ಟಳು.

“ಸಿಟ್ಟಿಲ್ದೆ ಏನು? ಐತೆ” ಎಂದಳು ಹಾಲಮ್ಮ, ಕೈ ನಿಲ್ಲಿಸದೆ. “ಇದೇನು ಪುಕ್ಕಟೆ ಅಂದ್ಕಂಡ್ಯಾ? ಮುಯ್ಯಿ ಕಣಕ್ಕ. ಬರೋ ವರ್ಷ ನಮ್ಮೆಲ್ಲರ ಹೊಲದಾಗೂ ಕಳೆಗೆ ನೀನೇ ಮೊದಲು ಬಗ್ಗಬೇಕು. ನನ್ನ ಹೊಲಕ್ಕೆ ಎರಡು ಸಲ.”

ಕಳೆಯ ಕೆಲಸವನ್ನು ನಿರ್ಮೂಲ ಮಾಡಲು ಹೊರಟಿದ್ದ ಹುಲಿಗೆಮ್ಮನಿಗೆ ಇಡೀ ಓಣಿಯ ಕಳೆ ಪಾಲಿಗೆ ಬಂತು. ಅವಳು ‘ಹೂಂ’ ಎಂದಳು. ಆ ಮನೆಯಲ್ಲಿ ಆ ಮಾತು ಹೆಂಗಸಿನ ಬಾಯಿಂದ ಬಂದದ್ದು ಅದೇ ಮೊದಲೆಂದು ಕಾಣುತ್ತದೆ; ತಿಮ್ಮರಾಯಪ್ಪ ತಿರುಗಿ ನೋಡಿದ.

ಹೊಸ ಹಿಟ್ಟಿನ ಕೋಲು ಬಂತು. ದೊಡ್ಡ ಗುಡಾಣದಲ್ಲಿ ಸಾರು ಕುದಿಯಿತು. ಬೆಳ್ಳುಳ್ಳಿ, ಕೊತ್ತಂಬರಿ, ತೆಂಗಿನಕಾಯಿಯ ಮಸಾಲೆಯಲ್ಲಿ ಹಿತಕಿದ ಬೇಳೆ ದಟ್ಟೈಸಿ ನಿಂತಿತು. ಹಾಲಮ್ಮ ಎಲ್ಲರನ್ನೂ ಕರೆದು, ತಾನು ತಂದ ಸೌಟನ್ನು ನಡುವೆ ಊರಿ ಕೈ ಬಿಟ್ಟಳು. ಸೌಟು ನೆಟ್ಟಗೆ ನಿಂತಿತು, ಧ್ವಜಸ್ತಂಭದ ಹಾಗೆ. ಹುಲಿಗೆಮ್ಮ ಅದನ್ನು ಕಣ್ಣು ತುಂಬ ನೋಡಿದಳು. ಹೊಲ ಅವಳದಲ್ಲ, ಅವರೆ ಅವಳದಲ್ಲ, ಸೌಟೂ ಅವಳದಲ್ಲ. ಆದರೂ ಅಂಗಳ ಅವಳದು, ಶಪಥ ಅವಳದು.

ಅಷ್ಟರಲ್ಲಿ ಕಣದಿಂದ ಗಂಡಸರು ಬಂದರು. ಗುಂಡು ಕಟ್ಟಿದವರು, ತೂರಿದವರು, ರಾಶಿ ಪೂಜೆಗೆಂದು ಬಂದ ನೆಂಟರು, ದಾರಿಯಲ್ಲಿ ಹೋಗುತ್ತಿದ್ದ ಪಂಚಾಕ್ಷರಪ್ಪನವರು. ಪಂಕ್ತಿ ಅಂಗಳ ದಾಟಿ ಓಣಿಗೆ ಹೋಯಿತು. ಹಾಲಮ್ಮ ಗುಡಾಣದೊಳಗೆ ಬಗ್ಗಿ ನೋಡಿದಳು, ಪಂಕ್ತಿಯನ್ನು ನೋಡಿದಳು, ಆಮೇಲೆ ಒಂದು ಚೊಂಬು ತುಂಬ ನೀರು ತುಂಬಿ ಹುಲಿಗೆಮ್ಮನ ಕೈಗೆ ಕೊಟ್ಟಳು.

“ಸಾಲಲ್ಲ ಕಣಕ್ಕ. ನೀನೇ ಹಾಕು. ಈ ಕೆಲಸಕ್ಕೆ ನಿನ್ನಷ್ಟು ಪಳಗಿದ ಕೈ ಯಾರ್ದೂ ಇಲ್ಲ.”

ಹಸಿದ ಜನ ಎಲೆ ಹಾಕಿಕೊಂಡು ಕಾಯುತ್ತಿದ್ದರು. ಹುಲಿಗೆಮ್ಮ ಒಂದು ಗಳಿಗೆ ಸೌಟನ್ನೇ ನೋಡಿ, ಚೊಂಬು ಬಗ್ಗಿಸಿದಳು. ಇನ್ನೊಂದು ಚೊಂಬು ಬೇಕಾಯಿತು. ಮತ್ತೊಂದೂ ಬೇಕಾಯಿತು. ನೆಟ್ಟಗೆ ನಿಂತಿದ್ದ ಸೌಟು ಮೊದಲು ಸಣ್ಣಗೆ ನಡುಗಿ, ಮೆಲ್ಲಗೆ ವಾಲಿ, ಗುಡಾಣದ ಅಂಚಿಗೆ ಟಣ್ಣೆಂದು ಒರಗಿಕೊಂಡಿತು.

ಹಾಲಮ್ಮ ತನ್ನ ತಟ್ಟೆಗೆ ಬಡಿಸಿಕೊಂಡು, ಅದನ್ನು ಬಿಸಿಲಿಗೆ ಓರೆಯಾಗಿ ಹಿಡಿದು, ಬಗ್ಗಿ ನೋಡಿದಳು.

“ಈಗ ನಿನ್ನ ಸಾರಾಯ್ತು ನೋಡಕ್ಕ” ಎಂದಳು. “ಮುಖ ಕಾಣ್ತೈತೆ.”